30×40 ಸೈಟಿನೊಳಗೆ ನಿಲ್ಲುವ ಗೋ-ಕಾರ್ಟ್

ಮನೆಯಲ್ಲೇ ಗೋ-ಕಾರ್ಟ್ ಕಟ್ಟಲು ಹೊರಟವರು ಸಾಮಾನ್ಯವಾಗಿ ಗುಜರಿ ಅಂಗಡಿಯಲ್ಲಿ ಎಂಜಿನ್ ಹುಡುಕುವುದರಿಂದ ಶುರುಮಾಡುತ್ತಾರೆ. ಅದಕ್ಕೂ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮುಗಿಸಬೇಕು: ಈ ಗಾಡಿ ಎಷ್ಟು ಜಾಗದಲ್ಲಿ ನಿಲ್ಲಬೇಕು?

ಗಂಟೆಗೆ 20 ಕಿ.ಮೀ. ಎಂದರೆ ಸೆಕೆಂಡಿಗೆ 5.6 ಮೀಟರ್. ಕಣ್ಣು ಕಂಡು ಕಾಲು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು ಎಂದಿಟ್ಟುಕೊಳ್ಳಿ. ಕಡಿಮೆ ಖರ್ಚಿನ ಕಾರ್ಟ್‌ಗೆ ಬ್ರೇಕ್ ಇರುವುದು ಹಿಂದಿನ ಆಕ್ಸಲ್‌ಗೆ ಮಾತ್ರ. ಬ್ರೇಕ್ ಹಾಕಿದೊಡನೆ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗುತ್ತದೆ, ಹಿಡಿತವೂ ಕಡಿಮೆಯಾಗುತ್ತದೆ. ಹಾಗಾಗಿ ಒಣ ಡಾಂಬರಿನ ಮೇಲೂ ವೇಗ ಪ್ರತಿ ಸೆಕೆಂಡಿಗೆ 3 ಮೀ./ಸೆ.ನಷ್ಟು ಮಾತ್ರ ಇಳಿಯುತ್ತದೆ ಎಂದು ಹಿಡಿಯುವುದು ಕ್ಷೇಮ. ಈ ಲೆಕ್ಕದಲ್ಲಿ ಗಾಡಿ ನಿಲ್ಲಲು ಬೇಕಾಗುವುದು 10.7 ಮೀಟರ್, ಅಂದರೆ 35 ಅಡಿ. 30×40 ಸೈಟಿನ ಉದ್ದದೊಳಗೆ ಮುಗಿಯಿತು. ಅದೇ ಗಾಡಿ 40ರಲ್ಲಿದ್ದರೆ? 31.7 ಮೀಟರ್, 104 ಅಡಿ. ಅಗಲದ ಲೆಕ್ಕದಲ್ಲಿ ಮೂರು ಸೈಟು ದಾಟಿ ನಾಲ್ಕನೆಯದಕ್ಕೆ ನುಗ್ಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ವೇಗ ಎರಡು ಪಟ್ಟಾದರೆ ಆ ದೂರ ನಾಲ್ಕು ಪಟ್ಟಾಗುತ್ತದೆ. ಗರಸು ಮಣ್ಣಿನ ಮೇಲಾದರೆ ಇನ್ನೂ ಹೆಚ್ಚು.

ಆದ್ದರಿಂದ ವೇಗಕ್ಕೆ ಮೊದಲೇ ಮಿತಿ ಹಾಕಿಕೊಳ್ಳಿ, ಎಂಜಿನ್ ಆಮೇಲೆ. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗೆಲ್ಸ್ ಕಟ್ಟಿದ ಮೊದಲ ಕಾರ್ಟ್‌ನಲ್ಲಿದ್ದದ್ದು ಸುಮಾರು ಎರಡೂವರೆ ಅಶ್ವಶಕ್ತಿಯ ಪುಟ್ಟ ಎಂಜಿನ್. ನಮ್ಮ ಸ್ಪ್ಲೆಂಡರ್‌ನ 97 ಸಿಸಿ ಎಂಜಿನ್ ಏಳು ಅಶ್ವಶಕ್ತಿಗೂ ಮಿಗಿಲು. ಶಕ್ತಿ ಬೇಕಾದಷ್ಟಿದೆ, ಹೆಚ್ಚೇ ಇದೆ. ಅದನ್ನು ತಗ್ಗಿಸುವ ದಾರಿ ಚಕ್ರದಲ್ಲಿದೆ. ಸ್ಪ್ಲೆಂಡರ್‌ನ 18 ಇಂಚಿನ ಚಕ್ರ ಟೈರ್ ಸೇರಿ ಸುಮಾರು 600 ಮಿ.ಮೀ. ವ್ಯಾಸ, ಹಳೆಯ ಪೆಟ್ರೋಲ್ ಚೇತಕ್ ಸ್ಕೂಟರಿನ 3.50-10 ಚಕ್ರ ಸುಮಾರು 430. ಬೈಕಿನದೇ ಸ್ಪ್ರಾಕೆಟ್ ಜೋಡಿ ಹಾಕಿದರೆ ಕಾರ್ಟ್‌ನ ವೇಗ ಬೈಕಿನ ವೇಗದ 0.72 ಭಾಗ. ಬೈಕ್ ಎರಡನೇ ಗೇರಿನಲ್ಲಿ 28ರಲ್ಲಿ ಓಡುವ ಆರ್‌ಪಿಎಂಗೆ ಕಾರ್ಟ್ 20ರಲ್ಲಿ ಓಡುತ್ತದೆ. ಅದಕ್ಕಿಂತ ಮೇಲೆ ಹೋಗದಂತೆ ಆಕ್ಸಿಲರೇಟರ್ ಪೆಡಲ್ಲಿನ ಕೆಳಗೆ ಬೋಲ್ಟ್‌ನ ತಡೆ ಕೊಡಿ, ಮೂರು ಮತ್ತು ನಾಲ್ಕನೇ ಗೇರಿಗೆ ಹೋಗಲೇಬೇಡಿ. ಓಡಿಸುವವರು ಮಕ್ಕಳಾದರೆ ಆ ಬೋಲ್ಟ್ ಇನ್ನಷ್ಟು ಮೇಲೆ ಬರಲಿ.

ಚಕ್ರಕ್ಕೆ ಚೇತಕ್ ಏಕೆ? ಬೈಕ್ ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಅದರ ಕಡ್ಡಿ ಚಕ್ರದ ಮೇಲೆ ಅಡ್ಡ ಬಲ ಬೀಳುವುದು ಕಡಿಮೆ. ಕಾರ್ಟ್ ವಾಲುವುದಿಲ್ಲ, ಅಡ್ಡ ಬಲವೆಲ್ಲ ರಿಮ್ಮಿನ ಮೇಲೆಯೇ ಬಿದ್ದು ಕಡ್ಡಿಗಳು ಸಡಿಲವಾಗುತ್ತವೆ, ರಿಮ್ ಸೊಟ್ಟಗಾಗುತ್ತದೆ. ಸ್ಕೂಟರಿನ ಚಕ್ರ ಚಿಕ್ಕದು, ತಗಡಿನದು, ಒಂದೇ ಬದಿಯ ಆಕ್ಸಲ್ ಮೇಲೆ ನಿಲ್ಲಲೆಂದೇ ಮಾಡಿದ್ದು. ಒಂದು ಎಚ್ಚರಿಕೆ: ಅದರ ರಿಮ್ ಎರಡು ಹೋಳು. ಗಾಳಿ ಪೂರ್ತಿ ತೆಗೆಯದೆ ಹೋಳುಗಳನ್ನು ಜೋಡಿಸಿರುವ ನಟ್ಟುಗಳನ್ನು ಮುಟ್ಟಬೇಡಿ, ಸಿಡಿಯುತ್ತದೆ. ಕೈಗಾಡಿಯ ಚಕ್ರವಂತೂ ಬೇಡವೇ ಬೇಡ. ಅದರ ಬೇರಿಂಗ್ ಅಡ್ಡ ಬಲಕ್ಕಾಗಲಿ ವೇಗಕ್ಕಾಗಲಿ ಮಾಡಿದ್ದಲ್ಲ.

ಫ್ರೇಮಿಗೆ 25×25 ಮಿ.ಮೀ. ಎಂಎಸ್ (ಮೆದು ಉಕ್ಕು) ಚೌಕ ಪೈಪು, ದಪ್ಪ 2 ಮಿ.ಮೀ. ಮೀಟರಿಗೆ ಸುಮಾರು 1.44 ಕೆ.ಜಿ. ತೂಗುತ್ತದೆ. 6 ಮೀಟರಿನ ಎರಡು ಉದ್ದ ಸಾಕಾಗುತ್ತವೆ. ದುಂಡು ಪೈಪು ನೋಡಲು ಚೆಂದ, ಆದರೆ ಪ್ರತಿ ಸೇರುವೆಯಲ್ಲೂ ಬಾಯಿ ಅರೆದು ಕೂರಿಸಬೇಕು. ಹೊಸಬರಿಗೆ ಚೌಕವೇ ಸರಿ. ನಲ್ಲಿಯ ಜಿಐ ಪೈಪು ಅಗ್ಗಕ್ಕೆ ಸಿಕ್ಕರೂ ಬಿಡಿ. ವೆಲ್ಡಿಂಗ್ ಬಿಸಿಗೆ ಮೇಲಿನ ಸತು ಆವಿಯಾಗಿ, ಉಸಿರಾಡಿದವರಿಗೆ ಅದೇ ರಾತ್ರಿ ಚಳಿಜ್ವರ ಬರಬಹುದು. 2.5 ಮಿ.ಮೀ. 6013 ರಾಡು, 70ರಿಂದ 90 ಆಂಪಿಯರ್ ಸಾಕು. ಎಲ್ಲ ಸೇರುವೆಗೂ ಮೊದಲು ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಹಾಕಿ, ಮೂಲೆಯಿಂದ ಮೂಲೆಗೆ ಕರ್ಣ ಅಳೆದು, ಎರಡೂ ಸಮ ಬಂದ ಮೇಲೆ ಪೂರ್ತಿ ಬೆಸೆಯಿರಿ. ಒಂದೇ ಕಡೆಯಿಂದ ಬೆಸೆಯುತ್ತ ಹೋದರೆ ಬಿಸಿ ಎಳೆದು ಫ್ರೇಮ್ ತಿರುಚಿಕೊಳ್ಳುತ್ತದೆ.

ಹಿಂದಿನ ಆಕ್ಸಲ್‌ಗೆ 30 ಮಿ.ಮೀ. ಇಎನ್8 ಉಕ್ಕಿನ ಗಟ್ಟಿ ರಾಡು, ಅದಕ್ಕೆ ಹೊಂದುವ ಎರಡು ಯುಸಿಪಿ206 ಬೇರಿಂಗ್, ಹಬ್ ಆಕ್ಸಲ್ ಮೇಲೆ ಜಾರದಂತೆ ಹಿಡಿಯುವ 8 ಮಿ.ಮೀ. ಅಗಲದ ಕೀ. ಕೀ ಕೂರುವ ತೋಡು ತೆಗೆಯುವುದು, ಹಬ್ ಕಡೆಯುವುದು ಲೇತ್ ಅಂಗಡಿಯ ಕೆಲಸ; ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಬೇರಿಂಗ್ ಕೂರುವ ಪ್ಲೇಟುಗಳನ್ನು ಆಕ್ಸಲ್ ತೂರಿಸಿಟ್ಟುಕೊಂಡೇ ಟ್ಯಾಕ್ ಮಾಡಿ, ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ. ಪೂರ್ತಿ ಬೆಸೆಯುವಾಗ ಬೇರಿಂಗ್ ಬಿಚ್ಚಿಡಿ. ಬಿಚ್ಚದಿದ್ದರೆ ಮತ್ತು ಅರ್ಥ್ ಕ್ಲಾಂಪ್ ದೂರದಲ್ಲಿದ್ದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಗುಂಡುಗಳ ಮೇಲೆ ಗುಳಿ ಬೀಳುತ್ತದೆ. ಮುಂದೆ ಗರಗರ ಸದ್ದು ಬಂದಾಗ ಕಾರಣವೇ ಹೊಳೆಯುವುದಿಲ್ಲ.

ಬ್ರೇಕ್ ಡಿಸ್ಕ್ ಇರಬೇಕಾದದ್ದು ಈ ಆಕ್ಸಲ್ ಮೇಲೆಯೇ. ಎಂಜಿನ್ ಕಡೆಯ ಶಾಫ್ಟಿಗೆ ಬ್ರೇಕ್ ಕೊಟ್ಟರೆ ಚೈನ್ ಕಿತ್ತ ದಿನ ಬ್ರೇಕೂ ಹೋದಂತೆ. ಗುಜರಿಯ ಬೈಕಿನಿಂದ ಡಿಸ್ಕ್, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಒಂದೇ ಸೆಟ್ಟಾಗಿ ತನ್ನಿ. ಪ್ಯಾಡ್, ರಬ್ಬರ್ ಸೀಲು, ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ ಹೊಸದೇ ಇರಲಿ. ಎಂಜಿನ್ ಆಯಿಲ್ ತುಂಬಿದರೆ ಸೀಲು ಉಬ್ಬಿ ಕೆಡುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿಯಿದೆ, ಬ್ಲೀಡ್ ಮಾಡಿ ಅದನ್ನು ಹೊರಹಾಕಿ.

ಸ್ಟೇರಿಂಗ್‌ನಲ್ಲಿ ಹೆಚ್ಚಿನವರು ಎಡವುವುದು ಮುಂದಿನ ಚಕ್ರಗಳನ್ನು ತಿರುಗಿಸುವ ಆರ್ಮ್‌ಗಳ ಕೋನದಲ್ಲಿ. ತಿರುವಿನಲ್ಲಿ ಒಳಗಿನ ಚಕ್ರ ಚಿಕ್ಕ ವೃತ್ತ ಸುತ್ತುತ್ತದೆ, ಆದ್ದರಿಂದ ಅದು ಹೆಚ್ಚು ತಿರುಗಬೇಕು. ಕುದುರೆ ಸಾರೋಟಿಗೆಂದು 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಆದ ಆಕರ್‌ಮನ್ ಜೋಡಣೆ ಇದನ್ನೇ ಸಾಧಿಸುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 1,050 ಮಿ.ಮೀ., ಎರಡು ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ನಿಲುವು ಪಿನ್) ನಡುವೆ 800 ಮಿ.ಮೀ. ಇದ್ದರೆ, ಹೊರಗಿನ ಚಕ್ರ 25 ಡಿಗ್ರಿ ತಿರುಗಿದಾಗ ಒಳಗಿನದು 36 ಡಿಗ್ರಿ ತಿರುಗಬೇಕು. ಲೆಕ್ಕ ಬೇಡವೆನ್ನುವವರಿಗೆ ಒಂದು ದಾರ ಸಾಕು: ಕಿಂಗ್‌ಪಿನ್‌ನಿಂದ ಹಿಂದಿನ ಆಕ್ಸಲ್‌ನ ನಟ್ಟನಡುವಿಗೆ ಎಳೆದು ಕಟ್ಟಿ, ಅದರ ನೇರಕ್ಕೆ ಆರ್ಮ್ ಬೆಸೆಯಿರಿ. ಈ ಅಳತೆಗೆ 100 ಮಿ.ಮೀ. ಹಿಂದೆ ಹೋದಾಗ 38 ಮಿ.ಮೀ. ಒಳಕ್ಕೆ ಬರುತ್ತದೆ. ಆಕರ್‌ಮನ್ ಇಲ್ಲದ ಗಾಡಿ ತಿರುವಿನಲ್ಲಿ ಮುಂದಿನ ಟೈರನ್ನು ಉಜ್ಜಿಕೊಂಡು ನೇರಕ್ಕೇ ಹೋಗಲು ನೋಡುತ್ತದೆ. ಪೂರ್ತಿ ತಿರುಗಿಸಿದಾಗ ಆರ್ಮ್‌ಗೆ ಜೋಡಿಸುವ ಟೈ ರಾಡ್ ಮತ್ತು ಆರ್ಮ್ ಒಂದೇ ಗೆರೆಗೆ ಬಂದರೆ ಸ್ಟೇರಿಂಗ್ ಮಗುಚಿ ಅಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೂ ಮುಂಚೆಯೇ ತಡೆಯುವ ಸ್ಟಾಪರ್ ಬೆಸೆಯಿರಿ. ಕಿಂಗ್‌ಪಿನ್‌ಗೆ ತಲೆಯ ಮೇಲೆ 8.8 ಎಂದು ಅಚ್ಚಿರುವ 12 ಮಿ.ಮೀ. ಬೋಲ್ಟ್, ನೈಲಾಕ್ ನಟ್ಟು. ಟೈ ರಾಡ್ ಎಂಡ್ ಹೊಸದು ಕೊಳ್ಳಿ.

ಸೀಟು ಆದಷ್ಟೂ ಕೆಳಗಿರಲಿ. ಚಕ್ರಗಳ ನಡುವಿನ ಅಗಲ 1 ಮೀಟರ್, ಭಾರಕೇಂದ್ರ 35 ಸೆಂ.ಮೀ. ಎತ್ತರದಲ್ಲಿದ್ದರೆ ಮಗುಚಲು ಗುರುತ್ವದ 1.4 ಪಟ್ಟು ಅಡ್ಡ ಬಲ ಬೇಕು. ಟೈರಿನ ಹಿಡಿತ ಅಷ್ಟಿಲ್ಲದ್ದರಿಂದ ಗಾಡಿ ಮೊದಲು ಜಾರುತ್ತದೆ. ಅಗಲ 80 ಸೆಂ.ಮೀ., ಎತ್ತರ 70 ಆದರೆ 0.57 ಪಟ್ಟಿಗೇ ಮಗುಚುತ್ತದೆ. ರೋಲ್ ಕೇಜ್ ಇಲ್ಲದ ಕಾರ್ಟ್‌ಗೆ ಸೀಟ್ ಬೆಲ್ಟ್ ಕಟ್ಟಬಾರದು, ಮಗುಚಿದರೆ ಗಾಡಿಯ ಕೆಳಗೇ ಸಿಕ್ಕಿಕೊಳ್ಳುತ್ತೀರಿ.

ಸ್ಕೂಟರಿನ ಎಂಜಿನ್ನಿಗಿರುವ ಫ್ಯಾನ್ ಸ್ಪ್ಲೆಂಡರ್ ಎಂಜಿನ್ನಿಗಿಲ್ಲ. ಸೀಟಿನ ಹಿಂದೆ ಗಾಳಿ ಬೀಳದ ಜಾಗದಲ್ಲಿ ಕೂರಿಸಿದರೆ ಕಾಯುತ್ತದೆ. ಪಕ್ಕದಿಂದ ಗಾಳಿ ತಿರುಗಿಸುವ ತಗಡು ಕೊಡಿ. ಸೀಟಿಗೂ ಎಂಜಿನ್ನಿಗೂ ನಡುವೆ ಇನ್ನೊಂದು ತಗಡು, ಚೈನ್ ಮತ್ತು ಆಕ್ಸಲ್ ಎರಡನ್ನೂ ಮುಚ್ಚುವ ಕವರ್ ಕಡ್ಡಾಯ. ಬಿಚ್ಚಿದ ಕೂದಲು, ದುಪಟ್ಟಾ ಆಕ್ಸಲ್‌ಗೆ ಸುತ್ತಿಕೊಂಡು ಕಾರ್ಟ್‌ಗಳಲ್ಲಿ ಪ್ರಾಣಗಳೇ ಹೋಗಿವೆ. ಹೆಲ್ಮೆಟ್ಟಿಗೆ ಐಎಸ್ 4151 ಗುರುತಿರಲಿ. ಹಳೆಯ ಮ್ಯಾಗ್ನೆಟೊ ಕಿಡಿಯ ಎಂಜಿನ್‌ನಲ್ಲಿ ಕಿಲ್ ಸ್ವಿಚ್ ತಂತಿಯನ್ನು ಅರ್ಥ್ ಮಾಡಿ ಕಿಡಿ ನಿಲ್ಲಿಸುತ್ತದೆ. ಅಂದರೆ ತಂತಿ ತುಂಡಾದರೆ ಎಂಜಿನ್ ಓಡುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಸಲ ಹೊರಡುವ ಮುನ್ನ ಸ್ವಿಚ್ ಒತ್ತಿ ನೋಡಲೇಬೇಕು.

ಓಡಿಸುವುದೆಲ್ಲಿ? ಮೋಟಾರು ವಾಹನ ಕಾಯ್ದೆ 1988ರ 39ನೇ ಸೆಕ್ಷನ್ ಪ್ರಕಾರ ನೋಂದಣಿಯಿಲ್ಲದ ಮೋಟಾರು ವಾಹನವನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ಕೋಲಾರದ ಸುತ್ತ ಮನೆ ಏಳದ, ಡಾಂಬರು ಮಾತ್ರ ಬಿದ್ದ ಲೇಔಟ್‌ಗಳು ಕೈಬೀಸಿ ಕರೆಯುತ್ತವೆ, ಆದರೆ ಜನ ಓಡಾಡುವ ಲೇಔಟ್ ರಸ್ತೆಯೂ ಸಾರ್ವಜನಿಕವೇ. ಬೇಲಿಯಿರುವ ಖಾಸಗಿ ಜಾಗ, ಮಾಲೀಕರ ಒಪ್ಪಿಗೆ ಬೇಕು. ಒಣ ಕೆರೆಯಂಗಳ ಹಿಂದೆ ಒಳ್ಳೆಯ ಮೈದಾನವಾಗಿತ್ತು; 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿದ ಮೇಲೆ ಎಷ್ಟೋ ಕಡೆ ಅದೂ ಇಲ್ಲ. ಇಲ್ಲದಿದ್ದರೇ ಒಳ್ಳೆಯದೆನ್ನಿ. ಕೆಜಿಎಫ್‌ನ ಸೈನೈಡ್ ಗುಡ್ಡೆಗಳ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ) ಕಡೆ ಮಾತ್ರ ತಲೆ ಹಾಕಬೇಡಿ, ಆ ನುಣ್ಣನೆಯ ಧೂಳು ಉಸಿರಾಡುವಂಥದ್ದಲ್ಲ.

ಮೊದಲ ಓಟಕ್ಕೆ ಮುನ್ನ ಹಿಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟು ಎಂಜಿನ್, ಬ್ರೇಕ್, ಕಿಲ್ ಸ್ವಿಚ್ ಮೂರನ್ನೂ ಪರೀಕ್ಷಿಸಿ. ಆಮೇಲೆ ನೆಲದ ಮೇಲೆ ಹದಿನೈದು ನಿಮಿಷ ನಿಧಾನವಾಗಿ ಓಡಿಸಿ, ಎಲ್ಲ ನಟ್ಟು ಮತ್ತೆ ಬಿಗಿಯಿರಿ. ಚೈನ್ ನಡುವಿನಲ್ಲಿ 10ರಿಂದ 15 ಮಿ.ಮೀ. ಆಡಬೇಕು. ಫ್ರೇಮಿಗೆ ತಿಳಿಬಣ್ಣವನ್ನೇ ಬಳಿಯಿರಿ: ವೆಲ್ಡಿಂಗ್ ಬಿರುಕು ಬಿಟ್ಟರೆ ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ತುಕ್ಕಿನ ಗೆರೆ ಏಳುತ್ತದೆ. ಅದರ ಮೇಲೆಯೇ ಇನ್ನೊಂದು ಪದರ ಬೆಸೆದರೆ ಬಿರುಕು ಒಳಗೇ ಉಳಿದು ಮತ್ತೆ ತೆರೆದುಕೊಳ್ಳುತ್ತದೆ. ಗ್ರೈಂಡರ್ ಹಿಡಿದು ಬುಡದವರೆಗೂ ಅರೆದು, ಹೊಸದಾಗಿ ಬೆಸೆದು, ಹೊರಗೊಂದು ಪಟ್ಟಿಯನ್ನೂ ಕೊಡಿ.