ಗ್ಲಿಸರಿನ್ ಬಿಡಿ, ಬಾಟಲಿಯ ಬಣ್ಣ ನೋಡಿ

ಬಿಯರ್ ಬಾಟಲಿ ತೆರೆದು, ಬಾಯಿಗೆ ಹೆಬ್ಬೆರಳು ಒತ್ತಿ, ತಲೆಕೆಳಗು ಮಾಡಿ ನೀರಿನ ಲೋಟಕ್ಕೆ ಅದ್ದುವವರನ್ನು ನೀವೂ ನೋಡಿರುತ್ತೀರಿ. ಬೆರಳು ತೆಗೆದ ಕೂಡಲೇ ಹಳದಿ ಎಳೆಗಳು ಸುರುಳಿ ಸುರುಳಿಯಾಗಿ ತಳಕ್ಕೆ ಇಳಿಯುತ್ತವೆ. "ನೋಡು, ಗ್ಲಿಸರಿನ್ ಹೋಯ್ತು, ಇನ್ನು ಕುಡಿ" ಅಂತಾರೆ. ಬಿಯರಿಗೆ ಗ್ಲಿಸರಿನ್ ಬೆರೆಸಿರುತ್ತಾರೆ, ಕುಡಿಯುವ ಮೊದಲು ಅದನ್ನು ಹೀಗೆ ತೆಗೆಯಬೇಕು ಅನ್ನೋದು ಅವರ ನಂಬಿಕೆ. ಎಂಜಿನಿಯರಿಂಗ್ ಓದಿದವರೂ ಹೀಗೆ ಮಾಡುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಆ ಎಳೆ ಬಿಯರೇ. ಹುಳಿಯದೆ ಉಳಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಅಂಶದಿಂದಾಗಿ ಬಿಯರ್ ಸಾಮಾನ್ಯವಾಗಿ ನೀರಿಗಿಂತ ಚೂರು ಭಾರ. ಅದು ಕೆಳಗಿಳಿಯುತ್ತದೆ, ನೀರು ಮೇಲೇರುತ್ತದೆ. ಯೀಸ್ಟ್ ತಾನಾಗಿಯೇ ಒಂದಿಷ್ಟು ಗ್ಲಿಸರಿನ್ ಮಾಡುವುದು ನಿಜ, ಆದರೆ ಅದು ಬಿಯರಿನಲ್ಲಿ ಪೂರ್ತಿ ಕರಗಿರುತ್ತದೆ. ಸಾರಿಗೆ ಹಾಕಿದ ಉಪ್ಪನ್ನು ಪಾತ್ರೆ ಬೋರಲು ಹಾಕಿ ತೆಗೆಯೋಕಾಗುತ್ತಾ? ಅನುಮಾನವಿದ್ದರೆ ಬೆಲ್ಲದ ಪಾನಕವನ್ನು ಬಾಟಲಿಗೆ ತುಂಬಿ ಇದೇ ಆಟ ಆಡಿ. ಅದೇ ಎಳೆ, ಅದೇ ಸುರುಳಿ. ಕೊನೆಗೆ ನಿಮಗೆ ಉಳಿಯುವುದು ನೀರು ಬೆರೆತ, ಗ್ಯಾಸ್ ಹೋದ ಬಿಯರ್, ಅಷ್ಟೇ.

ಬಿಯರನ್ನು ನಿಜವಾಗಿ ಕೆಡಿಸುವುದು ಬೆಳಕು. ಜರ್ಮನಿಯ ಬಿಯರ್ ತಜ್ಞ ಕಾರ್ಲ್ ಲಿಂಟ್ನರ್ 1875ರಲ್ಲೇ ಇದನ್ನು ಬರೆದಿಟ್ಟಿದ್ದರು. ಬಿಯರಿನಲ್ಲಿ ರೈಬೋಫ್ಲೇವಿನ್ ಇದೆ, ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಹಳದಿಯಾಗುತ್ತಲ್ವಾ, ಅದೇ ಬಿ2. ಅದು ನೀಲಿ ಬೆಳಕನ್ನು ಹೀರಿಕೊಂಡು, ಆ ಶಕ್ತಿಯನ್ನು ಪಕ್ಕದಲ್ಲಿರುವ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಣುವಿನ ಮೇಲೆ ಪ್ರಯೋಗಿಸುತ್ತದೆ. ಕ್ಯಾರಂ ಆಟದ ಹಾಗೆ: ಬೆಳಕು ಬೆರಳು, ಬಿ2 ಸ್ಟ್ರೈಕರ್, ಹಾಪ್ಸ್ ಕಾಯಿ. ಕಹಿ ಅಣುವಿನ ಬಾಲ ಹಲ್ಲಿಯ ಬಾಲದಂತೆ ಕಳಚಿ, ಅಲ್ಲೇ ಇರುವ ಗಂಧಕವನ್ನು ಅಂಟಿಸಿಕೊಂಡು ನಾತ ಹೊಡೆಯತೊಡಗುತ್ತದೆ. ಅಮೆರಿಕದ ಸ್ಕಂಕ್ ಪ್ರಾಣಿ ಸಿಡಿಸುವ ದುರ್ವಾಸನೆಗೆ ತೀರಾ ಹತ್ತಿರದ ನಾತ ಅದು. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ಮೂಗು ಹಿಡಿದುಬಿಡುತ್ತದೆ!

ಕಂದು ಗಾಜು ಈ ನೀಲಿ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ. ಹಸಿರು ಗಾಜು ಅಷ್ಟು ತಡೆಯಲ್ಲ, ಬಿಳಿ ಗಾಜಂತೂ ಇದ್ದೂ ಇಲ್ಲದಂತೆ. ಹಸಿರು ಬಾಟಲಿ ಅಂದ್ರೆ ಫಾರಿನ್, ಫಾರಿನ್ ಅಂದ್ರೆ ಒಳ್ಳೇದು ಅನ್ನೋ ಲೆಕ್ಕ ಬಿಡಿ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಸಾಲಾಗಿ ನಿಲ್ಲಿಸಿದ್ದನ್ನು ತಗೋಬೇಡಿ, ಪೆಟ್ಟಿಗೆಯೊಳಗಿಂದ ಕೊಡಿ ಅಂತ ಕೇಳಿ. ತಯಾರಾದ ತಿಂಗಳನ್ನೂ ನೋಡಿ. ಹಳೇ ಲಾಗರ್ (ತಿಳಿ ಬಣ್ಣದ ಮಾಮೂಲಿ ಬಿಯರ್) ಒದ್ದೆ ರಟ್ಟಿನ ವಾಸನೆ ಬರುತ್ತೆ, ಅದು ಆಮ್ಲಜನಕದ ಕೆಲಸ.

ಕಳೆದ ಬೇಸಿಗೆಯಲ್ಲಿ ಗ್ಲಿಸರಿನ್ ನಂಬುವ ಗೆಳೆಯನ ಮುಂದೆ ಒಂದೇ ಬಾಟಲಿಯಿಂದ ಎರಡು ಗಾಜಿನ ಲೋಟಕ್ಕೆ ಬಿಯರ್ ಸುರಿದೆ. ಒಂದನ್ನು ತಾರಸಿಯ ಬಿಸಿಲಿಗೆ, ಇನ್ನೊಂದನ್ನು ನೆರಳಿಗೆ ಇಟ್ಟೆವು. ಕಾಲು ಗಂಟೆ ಬಿಟ್ಟು ಮೂಸಿದ ಅವನು ಬಿಸಿಲಿನ ಲೋಟವನ್ನು ಮುಖದಿಂದ ದೂರ ಹಿಡಿದು, "ಇದಕ್ಕೇನು ಬೆರೆಸಿದೆ?" ಅಂತ ಕೇಳಿದ.