ಗಡಿಯಾರಕ್ಕೆ ಸೆಲ್ ಹಾಕುವ ಮುನ್ನ ಮೀಟರ್ ಹಿಡಿಯಿರಿ

ಈಚೆಗೆ ದುರಸ್ತಿಗೆ ಬಂದ ಬೋರ್ಡ್ ಒಂದರಲ್ಲಿ ಸಿಆರ್2032 ಎಂಬ ನಾಣ್ಯದಾಕಾರದ ಸೆಲ್ ಹೊಟ್ಟೆ ಉಬ್ಬಿಸಿಕೊಂಡು, ಹೋಲ್ಡರಿನ ತಗಡಿನ ನಾಲಿಗೆಯನ್ನೇ ಮೇಲೆತ್ತಿತ್ತು. ಸೆಲ್ ತೆಗೆದು, ಬೋರ್ಡಿಗೆ 5 ವೋಲ್ಟ್ ಕೊಟ್ಟು, ಖಾಲಿ ಹೋಲ್ಡರಿಗೆ ಮಲ್ಟಿಮೀಟರ್ ಹಿಡಿದೆ. ನಾಲ್ಕೂವರೆ ವೋಲ್ಟಿಗೂ ಮೇಲೆ ತೋರಿಸಿತು. 3 ವೋಲ್ಟಿನ, ಚಾರ್ಜ್ ಮಾಡಲೇಬಾರದ ಸೆಲ್ಲಿಗೆ ಇಷ್ಟು ದಿನವೂ ಚಾರ್ಜ್ ಹರಿಯುತ್ತಿತ್ತು.

ಒಂದೇ ಹಲಗೆಯ ಮೇಲೆ ಇಡೀ ಕಂಪ್ಯೂಟರ್ ಇರುವ ಸಿಂಗಲ್ ಬೋರ್ಡ್ ಕಂಪ್ಯೂಟರುಗಳಲ್ಲಿ ಅನೇಕವು ತಮ್ಮದೇ ಗಡಿಯಾರವಿಲ್ಲದೆ ಬರುತ್ತವೆ. ಅಂತರ್ಜಾಲವಿದ್ದರೆ ಅಲ್ಲಿಂದ ಸಮಯ ಕೇಳಿಕೊಳ್ಳುತ್ತವೆ. ಇಲ್ಲದಿದ್ದರೆ 1970ರ ಜನವರಿ 1ರಿಂದಲೋ, ಆರಿಹೋಗುವ ಮುನ್ನ ಉಳಿಸಿಟ್ಟ ಹಳೆಯ ಹೊತ್ತಿನಿಂದಲೋ ಎಣಿಕೆ ಶುರುವಾಗುತ್ತದೆ. ಆಗ ದಾಖಲೆಗಳ ಕ್ರಮ ಕೆಡುತ್ತದೆ. ಸುರಕ್ಷಿತ ಸಂಪರ್ಕದ ಪ್ರಮಾಣಪತ್ರದ ಅವಧಿ ಇನ್ನೂ ಆರಂಭವೇ ಆಗಿಲ್ಲ ಎಂದು ಯಂತ್ರ ಸಂಪರ್ಕವನ್ನೇ ನಿರಾಕರಿಸುತ್ತದೆ. ಇದಕ್ಕಾಗಿಯೇ, ಬೋರ್ಡಿಗೆ ವಿದ್ಯುತ್ ಇಲ್ಲದಾಗಲೂ ಸಮಯ ಎಣಿಸುವ ರಿಯಲ್ ಟೈಮ್ ಕ್ಲಾಕ್ ಚಿಪ್ ಮತ್ತು ಅದನ್ನು ಸಾಕುವ ಸೆಲ್.

ಚಿಪ್ಪಿನ ಹಸಿವು ಬಹಳ ಸಣ್ಣದು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳನ್ನು ನಡೆಸಲು ಡಿಎಸ್3231 ಎಂಬ ಗಡಿಯಾರ ಚಿಪ್ಪಿಗೆ ಹೆಚ್ಚೆಂದರೆ ಸುಮಾರು 3 ಮೈಕ್ರೋಆಂಪಿಯರ್ ಸಾಕು. ಸಿಆರ್2032ರಲ್ಲಿ ಸುಮಾರು 220 ಮಿಲಿಆಂಪಿಯರ್ ಅವರ್ ಇರುತ್ತದೆ. ಭಾಗಿಸಿದರೆ ಎಂಟು ವರ್ಷ ದಾಟುತ್ತದೆ. ಅದೂ ಬೋರ್ಡಿಗೆ ವಿದ್ಯುತ್ತೇ ಇಲ್ಲದೆ ಬಿದ್ದಿದ್ದರೆ! ಹೀಗಿರುವಾಗ ಆ ಸೆಲ್ಲಿಗೆ ಚಾರ್ಜಿಂಗ್ ಏಕೆ ಬೇಕು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಆದರೂ ಈ ಚಿಪ್ಪು, ಸೆಲ್ ಹೋಲ್ಡರ್ ಎರಡನ್ನೂ ಹೊತ್ತ ಅಗ್ಗದ ಹಲವು ಮಾಡ್ಯೂಲುಗಳಲ್ಲಿ ಚಾರ್ಜಿಂಗ್ ದಾರಿ ಇದೆ. ಭೂತಗನ್ನಡಿ ಹಿಡಿದು ನೋಡಿ: ವಿದ್ಯುತ್ ಒಳಬರುವ ಕಾಲಿನಿಂದ ಸೆಲ್ಲಿನ ಧನ ತುದಿಗೆ ಒಂದು 200 ಓಮ್ ರೆಸಿಸ್ಟರ್, ಅದರ ಬೆನ್ನಿಗೆ ಗಾಜಿನ ಮೈಯ ಪುಟ್ಟ ಡಯೋಡ್ ಕುಳಿತಿರುತ್ತವೆ. ಅವು ಎಲ್‌ಐಆರ್2032 ಎಂಬ, ಮರುಚಾರ್ಜ್ ಆಗುವ ಸೆಲ್ಲಿಗೆಂದು ಇಟ್ಟವು. ಎರಡೂ ಸೆಲ್‌ಗಳ ಅಳತೆ ಒಂದೇ. ಒಂದರ ಮನೆಯಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ, ತೊಂದರೆ ಇರುವುದೇ ಇಲ್ಲಿ. ಎಲ್‌ಐಆರ್ ಹಾಕಿದರೂ ನಿಶ್ಚಿಂತೆಯಿಲ್ಲ. ಅದರ ಮಿತಿ 4.2 ವೋಲ್ಟ್, 5 ವೋಲ್ಟಿನಲ್ಲಿ ಈ ದಾರಿ ಆ ಮಿತಿ ಮೀರುತ್ತದೆ, ತಡೆಯಲು ಯಾವ ನಿಯಂತ್ರಣವೂ ಇಲ್ಲ. ಮಾಡ್ಯೂಲಿಗೆ 3.3 ವೋಲ್ಟ್ ಕೊಟ್ಟರೆ ಡಯೋಡಿನಲ್ಲಿ ಕಳೆದು ಉಳಿಯುವುದು ಸೆಲ್ಲಿಗಿಂತ ಕಡಿಮೆ, ಹಾಗಾಗಿ ಅಪಾಯ ತಪ್ಪುತ್ತದೆ. ನಾನು ಮಾತ್ರ ರೆಸಿಸ್ಟರನ್ನೇ ಬೆಸುಗೆ ಬಿಡಿಸಿ ತೆಗೆದುಬಿಡುತ್ತೇನೆ. ಎರಡು ನಿಮಿಷದ ಕೆಲಸ. ನಾಳೆ ಬೇರೆ ಯಾರಾದರೂ 5 ವೋಲ್ಟಿಗೆ ತಂತಿ ಬದಲಿಸಿದರೂ ಸೆಲ್ ಕ್ಷೇಮವಾಗಿರುತ್ತದೆ.

2023ರಲ್ಲಿ ಬಂದ ಸಿಂಗಲ್ ಬೋರ್ಡ್ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 5ರಲ್ಲಿ ಗಡಿಯಾರ ಬೋರ್ಡಿನಲ್ಲೇ ಇದೆ, ಸೆಲ್ಲಿಗೆ ಎರಡು ಪಿನ್ನಿನ ಕನೆಕ್ಟರ್ ಇದೆ. ಚಾರ್ಜಿಂಗ್ ಸೌಲಭ್ಯವೂ ಉಂಟು, ಆದರೆ ಸಂರಚನಾ ಕಡತದಲ್ಲಿ ನಾವೇ ಒಂದು ಸಾಲು ಸೇರಿಸಿ ವೋಲ್ಟೇಜ್ ಹೇಳುವವರೆಗೆ ಅದು ಮುಚ್ಚಿಯೇ ಇರುತ್ತದೆ. ಸರಿಯಾದ ನಿರ್ಧಾರ. ಮರುಚಾರ್ಜ್ ಆಗದ ಸೆಲ್ ಹಾಕಿದವರು ಆ ಸಾಲನ್ನು ಮುಟ್ಟಬಾರದು.

ಸೆಲ್ ಕೂರಿಸಿದ ಮೇಲೆ ಪರೀಕ್ಷೆಯಲ್ಲಿ ಬಹಳಷ್ಟು ಜನ ಎಡವುತ್ತಾರೆ. ವಿದ್ಯುತ್ ಕಿತ್ತು, ಮತ್ತೆ ಕೊಟ್ಟು, ಸಮಯ ಸರಿಯಿದೆ ಎಂದು ಒಪ್ಪಿಸಿಬಿಡುತ್ತಾರೆ. ಸಮಯ ಸರಿಯಿದ್ದದ್ದು ಅಂತರ್ಜಾಲದಿಂದ; ಸೆಲ್ ತಲೆಕೆಳಗಾಗಿದ್ದರೂ ಅದು ಸರಿಯಾಗಿಯೇ ಕಾಣುತ್ತಿತ್ತು. ಆದ್ದರಿಂದ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿರಿ, ವೈಫೈ ಆರಿಸಿರಿ. ರಾತ್ರಿಯಿಡೀ ವಿದ್ಯುತ್ ಇಲ್ಲದೆ ಬಿಟ್ಟು, ಬೆಳಿಗ್ಗೆ ಚಿಪ್ಪಿನ ಸಮಯವನ್ನು ಓದಿ ಕೈಗಡಿಯಾರದೊಂದಿಗೆ ಹೋಲಿಸಿರಿ. ಡಿಎಸ್3231 ತನ್ನ ಸ್ಥಿತಿ ರಿಜಿಸ್ಟರ್ ಎಂಬ ಪುಟ್ಟ ಸ್ಮೃತಿಕೋಶದ, ಸೊನ್ನೆಯಿಂದ ಎಣಿಸಿದರೆ ಏಳನೆಯ ಬಿಟ್‌ನಲ್ಲಿ, ನಡುವೆ ಎಲ್ಲಿಯಾದರೂ ಹರಳಿನ ಕಂಪನ ನಿಂತಿತ್ತೇ ಎಂಬುದನ್ನು ಬರೆದಿಟ್ಟಿರುತ್ತದೆ. ಪರೀಕ್ಷೆಗೆ ಮುನ್ನ ಅದನ್ನು ಸೊನ್ನೆ ಮಾಡಿ, ಬೆಳಿಗ್ಗೆ ಒಂದಾಗಿದ್ದರೆ ಸೆಲ್ಲಿನ ಸಂಪರ್ಕವನ್ನು ಮೊದಲು ಶಂಕಿಸಿರಿ.

ಸೆಲ್ಲಿನ ವೋಲ್ಟೇಜ್ ಅಳೆದು ಆಯುಷ್ಯ ಊಹಿಸಲು ಹೋಗಬೇಡಿ. ಲಿಥಿಯಂ ಸೆಲ್ ತನ್ನ ಬಾಳಿನ ಬಹುಭಾಗ 3 ವೋಲ್ಟಿನ ಹತ್ತಿರವೇ ನಿಂತು, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ನಾನು ಹಾಕಿದ ದಿನಾಂಕವನ್ನು ಚಿಕ್ಕ ಚೀಟಿಯಲ್ಲಿ ಬರೆದು ಹೋಲ್ಡರಿನ ಪಕ್ಕ ಅಂಟಿಸುತ್ತೇನೆ. ಬದಲಿಸುವಾಗ ಬೋರ್ಡಿಗೆ ವಿದ್ಯುತ್ ಇರಲಿ, ಗಡಿಯಾರ ನಿಲ್ಲುವುದಿಲ್ಲ. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿದು, ಬೆರಳಿನ ಜಿಡ್ಡನ್ನು ಒಣ ಬಟ್ಟೆಯಿಂದ ಒರೆಸಿ ಕೂರಿಸಿರಿ.