ಕಾರಿನ ‘ಪೋರ್ಟಬಲ್ ಮೈಕ್ರೋವೇವ್’ನಲ್ಲಿ ಸ್ಟೀಲ್ ಡಬ್ಬಿ ಇಡಬಹುದೇ?

ಪ್ರಶ್ನೆ: ಊರಿಗೆ ಹೋಗುವಾಗ ಮಕ್ಕಳಿಗೆ ದಾರಿಯಲ್ಲಿ ಬಿಸಿ ಊಟ ಸಿಗಲೆಂದು, ಕಾರಿನ ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಪೋರ್ಟಬಲ್ ಮೈಕ್ರೋವೇವ್ ಚೀಲವನ್ನು ಕೊಂಡಿದ್ದೇವೆ. ಅದರಲ್ಲಿ ಸ್ಟೀಲ್ ಡಬ್ಬಿ ಇಟ್ಟರೆ ಕಿಡಿ ಹಾರುತ್ತದೆಯೇ? ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಒಂದು ಗಂಟೆಯಾದರೂ ಅನ್ನ ಬಿಸಿಯಾಗುತ್ತಿಲ್ಲ.

ಉತ್ತರ: ಸ್ಟೀಲ್ ಡಬ್ಬಿಯನ್ನೇ ಇಡಿ. ಕಿಡಿ ಹಾರುವುದಿಲ್ಲ, ಏಕೆಂದರೆ ನಿಮ್ಮಲ್ಲಿರುವುದು ಮೈಕ್ರೋವೇವ್ ಅಲ್ಲ.

ಬೇಸಿಗೆ ರಜೆ ಬಂದಾಗಲೊಮ್ಮೆ, ದಸರಾ ರಜೆ ಬಂದಾಗಲೊಮ್ಮೆ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರವನ್ನು ಬರೆಯುತ್ತೇನೆ. ಆದರೂ ಮಾರುವವರು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ ಒಂದು ಪದವು ನನ್ನ ಹತ್ತು ಉತ್ತರಗಳಿಗಿಂತ ಬಲವಾಗಿ ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದ್ದರಿಂದ ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮ ಚೀಲದ ಜಿಪ್ ತೆಗೆದು ಒಳಗೆ ಕೈಯಾಡಿಸಿ ನೋಡಿ. ಬೆಳ್ಳಿ ಬಣ್ಣದ ಹಾಳೆ ಹೊದಿಸಿದ ಗೋಡೆಗಳು, ತಳದಲ್ಲಿ ಅಂಗೈಗಿಂತ ಸ್ವಲ್ಪ ಅಗಲವಾದ ತೆಳು ತಟ್ಟೆ, ಅದರ ಅಡಿಯಿಂದ ಹೊರಟ ಎರಡೆಳೆಯ ತಂತಿ: ಇಷ್ಟೇ ಇರುತ್ತದೆ. ಇಸ್ತ್ರಿಪೆಟ್ಟಿಗೆಯಲ್ಲಿ ಆಗುವಂತೆಯೇ ಇಲ್ಲಿಯೂ ತಟ್ಟೆಯ ಕೆಳಗಿನ ತಂತಿಯಲ್ಲಿ ವಿದ್ಯುತ್ ಹರಿದು ಕಾವು ಹುಟ್ಟುತ್ತದೆ, ತಟ್ಟೆಯಿಂದ ಡಬ್ಬಿಗೆ, ಡಬ್ಬಿಯಿಂದ ಅನ್ನಕ್ಕೆ ಏರುತ್ತದೆ. ತಂತಿಗೆ ಅಂಟಿಸಿದ ಚೀಟಿಯಲ್ಲಿ 12 ವೋಲ್ಟ್, 45 ವ್ಯಾಟ್ ಎಂದೋ 60 ವ್ಯಾಟ್ ಎಂದೋ ಬರೆದಿರುತ್ತದೆ. ಹಳೆಯ ಕಾಲದ ಒಂದು ಬಲ್ಬು ಉರಿಯಲು ಬೇಕಾಗುತ್ತಿದ್ದ ವಿದ್ಯುತ್ತೂ ಹೆಚ್ಚುಕಡಿಮೆ ಅಷ್ಟೇ.

ಮೈಕ್ರೋವೇವ್ ಓವನ್ ಕೆಲಸ ಮಾಡುವ ಬಗೆ ಬೇರೆ. ಅದರೊಳಗೆ ಮ್ಯಾಗ್ನೆಟ್ರಾನ್ ಎಂಬ ನಳಿಗೆ ಇರುತ್ತದೆ. ಅದು ಸಾವಿರಾರು ವೋಲ್ಟ್ ಒತ್ತಡದಲ್ಲಿ 2.45 ಗಿಗಾಹರ್ಟ್ಸ್ ಆವರ್ತನದ ತರಂಗಗಳನ್ನು ಹೊಮ್ಮಿಸುತ್ತದೆ, ಆ ತರಂಗಗಳು ಆಹಾರದೊಳಗಿನ ನೀರಿನ ಅಣುಗಳನ್ನು ಅಲುಗಾಡಿಸಿ ಬಿಸಿ ಮಾಡುತ್ತವೆ. ತರಂಗಗಳು ಹೊರಗೆ ಸೋರದಂತೆ ಸುತ್ತಲೂ ಲೋಹದ ಗೋಡೆ, ಬಾಗಿಲಿನ ಗಾಜಿಗೆ ಲೋಹದ ಜಾಲರಿ, ಬಾಗಿಲು ತೆರೆದ ಕ್ಷಣವೇ ನಿಲ್ಲುವ ವ್ಯವಸ್ಥೆ, ಇವೆಲ್ಲ ಇರಲೇಬೇಕು. ಜಿಪ್ ಹಾಕುವ ಬಟ್ಟೆಯ ಚೀಲದಲ್ಲಿ ಇದನ್ನು ಮಾಡಲು ಸಾಧ್ಯವೇ ಇಲ್ಲ. ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ರೇಡಾರ್ ಕೆಲಸದಲ್ಲಿದ್ದ ಪರ್ಸಿ ಸ್ಪೆನ್ಸರ್ ಈ ಉಪಾಯವನ್ನು ಕಂಡುಕೊಂಡದ್ದು 1945ರಲ್ಲಿ. ಎರಡು ವರ್ಷಗಳ ನಂತರ ಮಾರಾಟಕ್ಕೆ ಬಂದ ಮೊದಲ ಓವನ್ ಆಳೆತ್ತರವಿತ್ತು, 300 ಕಿಲೋಗಿಂತ ಹೆಚ್ಚು ಭಾರವಿತ್ತು. ಇಂದು ಅದು ಅಡುಗೆಮನೆಯ ಕಟ್ಟೆಯ ಮೇಲೆ ಕೂರುವಷ್ಟು ಚಿಕ್ಕದಾಗಿದೆ ನಿಜ, ಆದರೆ ಅದರ ವಿದ್ಯುತ್ ಹಸಿವು ಚೀಲಕ್ಕೆ ಹೊಂದುವಷ್ಟು ಇಳಿದಿಲ್ಲ.

ಆಹಾರಕ್ಕೆ 700 ವ್ಯಾಟ್ ಕೊಡುವ ಸಣ್ಣ ಓವನ್ ಕೂಡ ಗೋಡೆಯ ಸಾಕೆಟ್‌ನಿಂದ ಸುಮಾರು 1,100 ವ್ಯಾಟ್ ಎಳೆಯುತ್ತದೆ. ಅಷ್ಟನ್ನೇ 12 ವೋಲ್ಟಿನ ಕಾರಿನಿಂದ ಪಡೆಯಬೇಕಾದರೆ 90 ಆಂಪಿಯರ್‌ಗೂ ಹೆಚ್ಚು ವಿದ್ಯುತ್ ಹರಿಯಬೇಕು. ಕಾರಿನ ಆ ಸಾಕೆಟ್‌ಗೆ ಸಾಮಾನ್ಯವಾಗಿ ಇರುವುದು 10ರಿಂದ 15 ಆಂಪಿಯರ್ ಫ್ಯೂಸ್. ಇನ್ವರ್ಟರ್ ಹಾಕಿದರೆ ಆಗುವುದಿಲ್ಲವೇ ಎಂದು ಕೇಳುವವರಿಗೂ ಇದೇ ಲೆಕ್ಕ ಉತ್ತರ ಕೊಡುತ್ತದೆ: ಆ ಸಾಕೆಟ್‌ಗೆ ಸಿಕ್ಕಿಸುವ ಇನ್ವರ್ಟರ್‌ನಿಂದ ಆಗದು. ಬ್ಯಾಟರಿಗೇ ದಪ್ಪ ಕೇಬಲ್ ಎಳೆದು, ಬೇರೆ ಬ್ಯಾಟರಿ ಕೂರಿಸಿದ ಕ್ಯಾರವಾನ್‌ಗಳಲ್ಲಿ ಮಾಡುತ್ತಾರೆ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತದೆಂದು ದೊಡ್ಡ ಫ್ಯೂಸ್ ಹಾಕಿಸುವ ಕೆಲಸವನ್ನಂತೂ ದಯವಿಟ್ಟು ಮಾಡಬೇಡಿ. ಆಗ ಫ್ಯೂಸಿನ ಬದಲು ಡ್ಯಾಶ್‌ಬೋರ್ಡಿನ ಹಿಂದಿನ ತಂತಿ ಸುಡುತ್ತದೆ.

ಹೆಸರಿನ ತಪ್ಪಿನಿಂದ ಏನು ನಷ್ಟ ಎನ್ನುವವರಿಗೆ ನಿಮ್ಮ ಪ್ರಶ್ನೆಯೇ ಉತ್ತರ. ಮೈಕ್ರೋವೇವ್ ಎಂದು ನಂಬಿದ್ದರಿಂದಲೇ ನೀವು ಲೋಹವನ್ನು ದೂರವಿಟ್ಟು ಪ್ಲಾಸ್ಟಿಕ್ ಹಿಡಿದಿರಿ. ತಟ್ಟೆಯ ಕಾವನ್ನು ಮೇಲೆ ಹೋಗಲು ಬಿಡದ ವಸ್ತು ಪ್ಲಾಸ್ಟಿಕ್, ಬಿಡುವ ವಸ್ತು ಲೋಹ. ತಳ ಸಮತಟ್ಟಾಗಿರುವ, ಅಗಲವಾದ, ಎತ್ತರ ಕಡಿಮೆಯಿರುವ ಸ್ಟೀಲ್ ಡಬ್ಬಿಯನ್ನು ತಟ್ಟೆಗೆ ಪೂರ್ತಿ ತಾಗುವಂತೆ ಇಡಿ, ಅನ್ನವನ್ನು ತೆಳುವಾಗಿ ಹರಡಿ.

ಎರಡನೆಯ ನಷ್ಟ ಸಮಯದ ಲೆಕ್ಕ ತಪ್ಪುವುದು. ಅರ್ಧ ಕಿಲೋ ಹುಳಿಯನ್ನವನ್ನು 30 ಡಿಗ್ರಿಯಿಂದ 70 ಡಿಗ್ರಿಗೆ ತರಲು ಸುಮಾರು 70 ಕಿಲೋಜೂಲ್ ಶಾಖ ಬೇಕು. ಮನೆಯ ಓವನ್ ಅದನ್ನು ಎರಡು ನಿಮಿಷದೊಳಗೆ ಕೊಡುತ್ತದೆ. 45 ವ್ಯಾಟಿನ ಚೀಲಕ್ಕೆ, ಒಂದಿಷ್ಟೂ ಶಾಖ ಸೋರದಿದ್ದರೂ, 26 ನಿಮಿಷ ಬೇಕು. ಸೋರದೆ ಇರುವುದಿಲ್ಲವಾದ್ದರಿಂದ ಒಂದು ಗಂಟೆ, ಒಂದೂವರೆ ಗಂಟೆ ಎಂದೇ ಹಿಡಿಯಿರಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟವರು ಚಿತ್ರದುರ್ಗದಲ್ಲಿ ಊಟಕ್ಕೆ ನಿಲ್ಲುವುದಾದರೆ ಶಿರಾ ಬರುವಾಗಲೇ ಪ್ಲಗ್ ಸಿಕ್ಕಿಸಿರಬೇಕು. ಬಸ್ಸಿನ ಸೀಟಿನ ಪಕ್ಕದ ಯುಎಸ್‌ಬಿ ಕಿಂಡಿಯಿಂದ ಇದು ನಡೆಯುವುದೇ ಇಲ್ಲ. ಮೊಬೈಲಿಗೆಂದು ಇರುವ ಅದರಿಂದ ಸಿಗುವುದು ಸಾಮಾನ್ಯವಾಗಿ ಹತ್ತು-ಹದಿನೈದು ವ್ಯಾಟ್ ಅಷ್ಟೇ.

ಇಲ್ಲಿ ನೀವು ಕೇಳದ, ಆದರೆ ನಾನು ಹೇಳಲೇಬೇಕಾದ ಇನ್ನೊಂದು ಮಾತಿದೆ. ಬೆಳಗಿನ ಐದಕ್ಕೆ ಕಟ್ಟಿದ ಅನ್ನವನ್ನು ಮಧ್ಯಾಹ್ನ ಈ ಚೀಲದಲ್ಲಿ ಬಿಸಿ ಮಾಡಿದರೆ ಸಾಕೇ? ಅಕ್ಕಿಯಲ್ಲಿ ಸಹಜವಾಗಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೆಂದರೂ ಸಾಯುವುದಿಲ್ಲ. ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಮೊಳೆತು ಬೆಳೆಯುತ್ತವೆ, ಅವು ಬಿಡುವ ವಾಂತಿ ಬರಿಸುವ ವಿಷವು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿ ಆಹಾರ 60 ಡಿಗ್ರಿಗಿಂತ ಮೇಲೇ ಇರಬೇಕೆನ್ನುವುದು ಇದಕ್ಕಾಗಿ. ಆದ್ದರಿಂದ ಅನ್ನವನ್ನು ಒಲೆಯಿಂದ ಇಳಿಸಿದ ಕೂಡಲೇ ಬಿಸಿ ಡಬ್ಬಿಗೆ ತುಂಬಿ, ಮೊದಲೇ ಕಾಯಿಸಿಟ್ಟ ಚೀಲದಲ್ಲಿಟ್ಟು ಬಿಸಿ ಆರದಂತೆ ನೋಡಿಕೊಳ್ಳಿ. ಆರಿದ್ದನ್ನು ಬಿಸಿ ಮಾಡುವುದಕ್ಕಿಂತ ಬಿಸಿಯನ್ನು ಕಾಯುವುದೇ ಈ ಉಪಕರಣಕ್ಕೆ ಒಗ್ಗುವ ಕೆಲಸ.

ನಮ್ಮ ಹಿರಿಯರ ಬುತ್ತಿಯಲ್ಲಿ ಬಿಸಿಯ ಗೊಡವೆಯೇ ಇರಲಿಲ್ಲ. ಉತ್ತರ ಕರ್ನಾಟಕದ ಕಟಕ ರೊಟ್ಟಿಯಲ್ಲಿ ತೇವವೇ ಇಲ್ಲ, ಶೇಂಗಾ ಚಟ್ನಿಪುಡಿಯೂ ಒಣದು, ಬ್ಯಾಕ್ಟೀರಿಯಾ ಬೆಳೆಯಲು ನೀರು ಸಿಗುವುದಿಲ್ಲ. ಪುಳಿಯೋಗರೆಯ ಗೊಜ್ಜಿನಲ್ಲಿ ಹುಣಸೆಯ ಹುಳಿಯೂ ಎಣ್ಣೆಯೂ ಉಪ್ಪೂ ಇರುತ್ತವೆ. ಆರು ತಾಸಿನ ದಾರಿಗೆ ಮೊದಲ ಆಯ್ಕೆಯಾಗಿ ನಾನು ಇಂದಿಗೂ ರೊಟ್ಟಿಯನ್ನೇ ಹೇಳುತ್ತೇನೆ.

ಮಗುವಿಗೆ ಬಿಸಿ ಬೇಕೇ ಬೇಕೆಂದರೆ ಒಳ್ಳೆಯ ಸ್ಟೀಲ್ ಫ್ಲಾಸ್ಕ್ ತೆಗೆದುಕೊಳ್ಳಿ. ಅದಕ್ಕೆ ಕುದಿಯುವ ನೀರು ಹಾಕಿ ಐದು ನಿಮಿಷ ಮುಚ್ಚಿಡಿ, ನೀರು ಚೆಲ್ಲಿ ಕೂಡಲೇ ಕುದಿಯುವ ತಿಳಿಸಾರನ್ನು ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. ಮಧ್ಯಾಹ್ನ ಲೋಟಕ್ಕೆ ಬಗ್ಗಿಸಿದಾಗ ಊದಿಕೊಂಡೇ ಕುಡಿಯಬೇಕಾಗುತ್ತದೆ.